ಮೌಸ್ ಕಂಡುಹಿಡಿದವರಿಗೆ ಸಿಕ್ಕಿದ್ದೇನು? ಡಗ್ಲಸ್ ಎಂಗೆಲ್‌ಬಾರ್ಟ್ ಪೇಟೆಂಟ್‌ಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಕಂಪ್ಯೂಟರ್ ಮೌಸ್ ಮಾತು ಬಂದಾಗಲೆಲ್ಲ ಒಂದೇ ಕಥೆ ಓಡಾಡುತ್ತದೆ: "ಪಾಪ, ಅದನ್ನು ಕಂಡುಹಿಡಿದವರಿಗೆ ಬಿಡಿಗಾಸೂ ಸಿಗಲಿಲ್ಲವಂತೆ." ಕಥೆ ಪೂರ್ತಿ ಸುಳ್ಳಲ್ಲ. ಆದರೆ ಹೇಳುತ್ತಾ ಹೇಳುತ್ತಾ ಪೇಟೆಂಟ್ ಯಾರ ಹೆಸರಲ್ಲಿತ್ತು, ಯಾರ ಕೈಯಲ್ಲಿತ್ತು, ಅದರಲ್ಲಿ ಏನು ಬರೆದಿತ್ತು ಅನ್ನೋದೆಲ್ಲ ಕಲಸುಮೇಲೋಗರ ಆಗಿಬಿಟ್ಟಿದೆ. ಆ ಗಂಟನ್ನು ಒಂದೊಂದಾಗಿ ಬಿಚ್ಚೋಣ.

ಈ ಎಂಗೆಲ್‌ಬಾರ್ಟ್ ಯಾರು?

1925ರ ಜನವರಿ 30ರಂದು ಅಮೆರಿಕದ ಪೋರ್ಟ್‌ಲೆಂಡ್‌ನಲ್ಲಿ ಹುಟ್ಟಿದ ಎಂಜಿನಿಯರ್. ಎರಡನೇ ಮಹಾಯುದ್ಧದ ಸಮಯದಲ್ಲಿ ನೌಕಾಪಡೆ ಸೇರಿ, ರಾಡಾರ್ ಕೆಲಸ ಕಲಿತು, ಫಿಲಿಪ್ಪೀನ್ಸ್‌ನಲ್ಲಿದ್ದರು. ಆ ರಾಡಾರ್ ಅನುಭವ ಮುಂದೆ ಕೈ ಹಿಡಿಯಿತು. ಕಂಪ್ಯೂಟರ್ ಅಂದರೆ ತೂತು ಹೊಡೆದ ಕಾರ್ಡುಗಳ ಕಂತೆ ಅಂತ ಜನ ತಿಳಿದಿದ್ದ ಕಾಲದಲ್ಲಿ, "ಯಂತ್ರ ಪರದೆಯ ಮೇಲೂ ಬರೆಯಬಹುದಲ್ಲ, ಎದುರಿಗೆ ಕೂತವನು ಅಲ್ಲೇ ಅದನ್ನು ತಿದ್ದಬಹುದಲ್ಲ" ಅಂತ ಅವರಿಗೆ ಹೊಳೆಯಿತು. 1955ರಲ್ಲಿ ಬರ್ಕ್‌ಲಿಯ ವಿಶ್ವವಿದ್ಯಾಲಯದಲ್ಲಿ ಡಾಕ್ಟರೇಟ್ ಪಡೆದರು. 1957ರಲ್ಲಿ ಮೆನ್ಲೊ ಪಾರ್ಕ್‌ನ ಸ್ಟ್ಯಾನ್‌ಫರ್ಡ್ ರಿಸರ್ಚ್ ಇನ್‌ಸ್ಟಿಟ್ಯೂಟ್ ಸೇರಿದರು. ಎಲ್ಲರೂ ಅದನ್ನು ಎಸ್‌ಆರ್‌ಐ ಅನ್ನುತ್ತಾರೆ, ನಾವೂ ಹಾಗೇ ಕರೆಯೋಣ. 2013ರ ಜುಲೈ 2ರಂದು ತೀರಿಕೊಂಡರು.

ಮೌಸ್ ಪೇಟೆಂಟ್‌ನ ನಂಬರ್ ಯಾವುದು?

ಅಮೆರಿಕದ ಪೇಟೆಂಟ್ 3,541,541. 541 ಎರಡು ಸಲ ಬರುವುದರಿಂದ ನೆನಪಿಡುವುದು ಸುಲಭ. ಅರ್ಜಿ ಹಾಕಿದ್ದು 1967ರ ಜೂನ್ 21, ಪೇಟೆಂಟ್ ಸಿಕ್ಕಿದ್ದು 1970ರ ನವೆಂಬರ್ 17.

ಪೇಟೆಂಟ್ ಹೆಸರಿನಲ್ಲಿ "ಮೌಸ್" ಅಂತಲೇ ಇಲ್ಲವಲ್ಲ?

ಇಲ್ಲ. ಅದರ ಹೆಸರು "ಎಕ್ಸ್-ವೈ ಪೊಸಿಷನ್ ಇಂಡಿಕೇಟರ್ ಫಾರ್ ಎ ಡಿಸ್‌ಪ್ಲೇ ಸಿಸ್ಟಮ್". ಪರದೆಯ ಮೇಲೆ ಅಡ್ಡಕ್ಕೆ ಎಷ್ಟು, ಉದ್ದಕ್ಕೆ ಎಷ್ಟು ಅಂತ ಜಾಗ ತೋರಿಸುವ ಸಾಧನ ಅಂತ ಅರ್ಥ. ಪೇಟೆಂಟ್ ಹೆಸರುಗಳು ಹೀಗೆ ಒಣಕಲಾಗಿಯೇ ಇರುತ್ತವೆ. ಅಡ್ಡಹೆಸರು ಬರೆದರೆ ಕಚೇರಿಯವರಿಗೆ ಅದು ಯಾವ ವಸ್ತು ಅಂತಲೇ ಗೊತ್ತಾಗುವುದಿಲ್ಲ. ಹೆಸರು ನೋಡಿ ಪೇಟೆಂಟ್ ಹುಡುಕಲು ಹೊರಟವರು ಬರಿಗೈಯಲ್ಲಿ ವಾಪಸ್ ಬರುವುದಕ್ಕೂ ಇದೇ ಕಾರಣ.

ಹಾಗಾದರೆ ಮೌಸ್ ಅಂತ ಕರೆದವರು ಯಾರು?

ಲ್ಯಾಬಿನಲ್ಲಿ ಯಾರೋ ಒಬ್ಬರು. ಯಾರು ಅಂತ ಎಂಗೆಲ್‌ಬಾರ್ಟ್ ಅವರಿಗೇ ನೆನಪಿರಲಿಲ್ಲ. ಪುಟ್ಟ ಡಬ್ಬಿ, ಹಿಂದೆ ಬಾಲದ ಹಾಗೆ ವೈರು. ಇಲಿ ಅನ್ನದೆ ಇನ್ನೇನು ಅನ್ನುತ್ತಾರೆ?

ಆ ಪೇಟೆಂಟ್ ಒಳಗೆ ನಿಜವಾಗಿ ಏನಿದೆ?

ಒಂದು ಡಬ್ಬಿ. ತಳದಲ್ಲಿ ಎರಡು ಚಕ್ರ. ಒಂದು ಚಕ್ರ ಅಡ್ಡ ಚಲನೆಗೆ, ಇನ್ನೊಂದು ಉದ್ದ ಚಲನೆಗೆ. ಎರಡೂ ಒಂದಕ್ಕೊಂದು ಸರಿಯಾಗಿ 90 ಡಿಗ್ರಿ ಕೋನದಲ್ಲಿವೆ. ಡಬ್ಬಿಯನ್ನು ಮೇಜಿನ ಮೇಲೆ ಸರಿಸಿದರೆ ಚಕ್ರ ಉರುಳುತ್ತದೆ, ಅದರ ಜೊತೆ ಒಂದೊಂದು ರಿಯೋಸ್ಟಾಟ್ ತಿರುಗುತ್ತದೆ. ಹಳೇ ರೇಡಿಯೋದ ವಾಲ್ಯೂಮ್ ನಾಬ್ ತಿರುಗಿಸಿದಾಗ ಒಳಗೆ ಏನಾಗುತ್ತದೋ ಸುಮಾರಾಗಿ ಅದೇ ಇಲ್ಲೂ ಆಗುವುದು. ತಿರುಗಿದಷ್ಟೂ ವಿದ್ಯುತ್ತಿನ ಮಟ್ಟ ಬದಲಾಗುತ್ತದೆ. ಆ ಮಟ್ಟ ವೈರಿನಲ್ಲಿ ಕಂಪ್ಯೂಟರಿಗೆ ಹೋಗುತ್ತದೆ, ಕಂಪ್ಯೂಟರ್ ಅದಕ್ಕೆ ತಕ್ಕಂತೆ ಪರದೆಯ ಮೇಲೆ ಕರ್ಸರ್ ಸರಿಸುತ್ತದೆ. ಅಷ್ಟೇ.

ಈ "ಅಷ್ಟೇ" ಮುಖ್ಯ. ಪೇಟೆಂಟ್‌ನಲ್ಲಿ ಚಿತ್ರ ಇರುತ್ತದೆ, ವಿವರಣೆ ಇರುತ್ತದೆ, ಕೊನೆಯಲ್ಲಿ ನಂಬರ್ ಹಾಕಿದ ವಾಕ್ಯಗಳಿರುತ್ತವೆ. ಆ ವಾಕ್ಯಗಳಿಗೆ ಕ್ಲೇಮ್ ಅಂತ ಹೆಸರು. ಬೇಲಿ ಹಾಕುವುದು ಈ ಕ್ಲೇಮ್‌ಗಳು ಮಾತ್ರ. ವಿವರಣೆಯಲ್ಲಿ ಎಷ್ಟೇ ದೊಡ್ಡ ಕನಸು ಬರೆದರೂ ಕ್ಲೇಮ್‌ನಲ್ಲಿ ಇಲ್ಲದ್ದು ಬೇಲಿಯ ಆಚೆಗೇ. ಹಾಗಾಗಿ "ಎಂಗೆಲ್‌ಬಾರ್ಟ್ ಮೌಸ್‌ಗೆ ಪೇಟೆಂಟ್ ಪಡೆದರು" ಅನ್ನುವುದಕ್ಕಿಂತ "ಕೈಯಲ್ಲಿ ಸರಿಸುವ, ಚಕ್ರಗಳಿರುವ ಒಂದು ಬಗೆಯ ಮೌಸ್‌ಗೆ ಪೇಟೆಂಟ್ ಪಡೆದರು" ಅಂದರೆ ಸತ್ಯಕ್ಕೆ ಹತ್ತಿರ. ಮುಂದಿನ ಅರ್ಧ ಪ್ರಶ್ನೆಗಳಿಗೆ ಉತ್ತರ ಇಲ್ಲೇ ಇದೆ.

ಕೆಲವರು 1964 ಅನ್ನುತ್ತಾರೆ, ಕೆಲವರು 1968, ಕೆಲವರು 1970. ಯಾವುದು ಸರಿ?

ಎಲ್ಲವೂ ಸರಿ. ಬೇರೆ ಬೇರೆ ಘಟನೆಯ ವರ್ಷಗಳು, ಅಷ್ಟೇ.

ಐಡಿಯಾ ಹೊಳೆದದ್ದು 1961ರ ಸುಮಾರಿಗೆ, ಒಂದು ಸಮ್ಮೇಳನದಲ್ಲಿ ಭಾಷಣ ಕೇಳುತ್ತಾ ಕೂತಿದ್ದಾಗ. ಪ್ಲಾನಿಮೀಟರ್ ಅಂತ ಒಂದು ಹಳೇ ಉಪಕರಣ ಇದೆ. ನಕ್ಷೆಯ ಮೇಲೆ ಚಕ್ರ ಉರುಳಿಸಿ ವಿಸ್ತೀರ್ಣ ಅಳೆಯುವಂಥದ್ದು. ಅದರ ಚಕ್ರ ನೆನಪಾಗಿ ನೋಟ್‌ಬುಕ್ಕಿನಲ್ಲಿ ಗೀಚಿಕೊಂಡರು. ಬೋರ್ ಹೊಡೆಸುವ ಭಾಷಣಗಳಿಂದಲೂ ಉಪಯೋಗ ಉಂಟು ಅಂತಾಯಿತು! ಆಮೇಲೆ ಸಹೋದ್ಯೋಗಿ ಬಿಲ್ ಇಂಗ್ಲಿಷ್ 1964ರಲ್ಲಿ ಮರದ ಡಬ್ಬಿಯ ಮೊದಲ ಮೌಸ್ ಮಾಡಿಕೊಟ್ಟರು. ಅದಕ್ಕೆ ಇದ್ದದ್ದು ಒಂದೇ ಬಟನ್.

ನಂತರ ಪರೀಕ್ಷೆ. ನಾಸಾ ಹಣ ಕೊಟ್ಟಿತ್ತು. ಪರದೆಗೇ ಹಿಡಿದು ಜಾಗ ತೋರಿಸುವ ಲೈಟ್ ಪೆನ್, ಜಾಯ್‌ಸ್ಟಿಕ್, ಮೇಜಿನ ಕೆಳಗೆ ಮೊಣಕಾಲಿನಿಂದ ಆಡಿಸುವ ಒಂದು ಸಾಧನ, ಮೌಸ್, ಇವನ್ನೆಲ್ಲ ಜನರ ಕೈಗೆ (ಮತ್ತು ಕಾಲಿಗೆ) ಕೊಟ್ಟು ಯಾವುದು ಬೇಗ, ಯಾವುದರಲ್ಲಿ ತಪ್ಪು ಕಡಿಮೆ ಅಂತ ಅಳೆದರು. ಅಭ್ಯಾಸ ಆದವರ ಕೈಯಲ್ಲಿ ಮೌಸ್ ಗೆದ್ದಿತು. ಹೊಸಬರಿಗೆ ಮಾತ್ರ ಆ ಮೊಣಕಾಲಿನ ಸಾಧನವೇ ಚುರುಕಾಗಿತ್ತು. ಕೀಬೋರ್ಡಿನಿಂದ ಕೈ ತೆಗೆಯಬೇಕಿಲ್ಲ, ಅಲ್ವಾ? ಈ ಫಲಿತಾಂಶ 1967ರ ಮಾರ್ಚ್‌ನಲ್ಲಿ ಪ್ರಬಂಧವಾಗಿ ಅಚ್ಚಾಯಿತು. ಪೇಟೆಂಟ್ ಅರ್ಜಿ ಹೋದದ್ದು ಅದಾದ ಮೂರು ತಿಂಗಳಿಗೆ.

1968ರ ಡಿಸೆಂಬರ್ 9ರಂದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಸುಮಾರು 1000 ಜನರ ಎದುರು 90 ನಿಮಿಷದ ಪ್ರದರ್ಶನ ನಡೆಯಿತು. ಲೋಕಕ್ಕೆ ಮೌಸ್ ಕಂಡದ್ದು ಅವತ್ತು. ಆಗಿನ್ನೂ ಅರ್ಜಿ ಪೇಟೆಂಟ್ ಕಚೇರಿಯ ಕಡತದಲ್ಲೇ ಇತ್ತು. ಆ ಕಾಲದಲ್ಲಿ ಪೇಟೆಂಟ್ ಕೊಡುವ ತನಕ ಅಮೆರಿಕದಲ್ಲಿ ಅರ್ಜಿಯನ್ನು ಹೊರಗೆ ಬಿಡುತ್ತಿರಲಿಲ್ಲ. ಹಾಗಾಗಿ ಸಭೆಯಲ್ಲಿ ಚಪ್ಪಾಳೆ ತಟ್ಟಿದವರಿಗೆ ಅಂಥದ್ದೊಂದು ಅರ್ಜಿ ಇರುವುದು ಗೊತ್ತಿರುವ ಸಾಧ್ಯತೆ ಕಡಿಮೆ.

ಮೊದಲೇ ಪ್ರಬಂಧ ಪ್ರಕಟಿಸಿದರೆ ಪೇಟೆಂಟ್ ಕೈತಪ್ಪುವುದಿಲ್ಲವೇ?

ಎಷ್ಟೋ ದೇಶಗಳಲ್ಲಿ ತಪ್ಪುತ್ತದೆ. ಅಮೆರಿಕದ ಕಾನೂನಿನಲ್ಲಿ ಮಾತ್ರ, ಕಂಡುಹಿಡಿದವರೇ ಪ್ರಕಟಿಸಿದರೂ ಒಂದು ವರ್ಷದೊಳಗೆ ಅರ್ಜಿ ಹಾಕಲು ಅವಕಾಶ ಇದೆ.

ಮಾಡಿಕೊಟ್ಟವರು ಬಿಲ್ ಇಂಗ್ಲಿಷ್. ಅವರ ಹೆಸರು ಯಾಕಿಲ್ಲ?

ಪೇಟೆಂಟ್‌ನಲ್ಲಿ ಇರುವುದು ಎಂಗೆಲ್‌ಬಾರ್ಟ್ ಒಬ್ಬರದೇ ಹೆಸರು. ಕಾನೂನು ಕೇಳುವುದು "ಯಾರ ತಲೆಯಲ್ಲಿ ಹುಟ್ಟಿತು" ಅಂತ. "ಯಾರು ಕೂತು ಮಾಡಿದರು" ಅಂತ ಅಲ್ಲ. ಯಾರೋ ಹೇಳಿದ ಐಡಿಯಾವನ್ನು ವಸ್ತುವಾಗಿ ಮಾಡಿಕೊಟ್ಟರೆ, ಆ ಕೆಲಸ ಎಷ್ಟೇ ನಾಜೂಕಾಗಿದ್ದರೂ, ಅಷ್ಟರಿಂದಲೇ ಇನ್ವೆಂಟರ್ ಆಗುವುದಿಲ್ಲ.

ಕಾನೂನು ಒಪ್ಪಿದರೂ ನನಗೆ ಇದು ಸ್ವಲ್ಪ ಕಸಿವಿಸಿ. ಯಾಕೆಂದರೆ ಮುಂದಿನ ಹೆಜ್ಜೆಯೂ ಇಂಗ್ಲಿಷ್ ಅವರದ್ದೇ. 1971ರಲ್ಲಿ ಅವರು ಜೆರಾಕ್ಸ್‌ನ ಪಾರ್ಕ್ ಲ್ಯಾಬಿಗೆ ಹೋದರು. ಅಲ್ಲಿ ಎರಡು ಚಕ್ರದ ಜಾಗಕ್ಕೆ ಒಂದು ಉಂಡೆ ಬಂತು. ಎಷ್ಟೋ ವರ್ಷ ನಾವೆಲ್ಲ ಉಜ್ಜಿದ್ದು ಆ ಉಂಡೆಯನ್ನೇ.

ಸರಿ, ದುಡ್ಡಿನ ವಿಷಯ. ಅವರಿಗೆ ನಿಜವಾಗಿಯೂ ಏನೂ ಸಿಗಲಿಲ್ಲವೇ?

ಮೌಸ್‌ನಿಂದ ರಾಯಲ್ಟಿ ಸಿಗಲಿಲ್ಲ. ಅದು ನಿಜ.

ಪೇಟೆಂಟ್‌ನ ಮೊದಲ ಪುಟದಲ್ಲಿ ಎರಡು ಹೆಸರು ಇರುತ್ತವೆ. ಒಂದು ಇನ್ವೆಂಟರ್, ಅಂದರೆ ಕಂಡುಹಿಡಿದವರು. ಇನ್ನೊಂದು ಅಸೈನೀ, ಅಂದರೆ ಹಕ್ಕನ್ನು ಬರೆಸಿಕೊಂಡವರು. ಇಲ್ಲಿ ಅಸೈನೀ ಎಸ್‌ಆರ್‌ಐ. ಸಂಬಳ ಕೊಟ್ಟು ಸಂಶೋಧನೆ ಮಾಡಿಸುವ ಕಡೆಯಲ್ಲೆಲ್ಲ ಇದೇ ಪದ್ಧತಿ. ಕೆಲಸಕ್ಕೆ ಸೇರುವಾಗಲೇ "ಇಲ್ಲಿ ಕಂಡುಹಿಡಿದದ್ದೆಲ್ಲ ಸಂಸ್ಥೆಗೆ" ಅಂತ ಸಹಿ ಹಾಕಿಸಿಕೊಳ್ಳುತ್ತಾರೆ. ಮನೆ ಕಟ್ಟಿದ ಮೇಸ್ತ್ರಿ ಹೆಸರು ಕಲ್ಲಿನ ಮೇಲೆ ಇರಬಹುದು, ಬಾಡಿಗೆ ಹೋಗುವುದು ಮಾಲೀಕರಿಗೆ.

ಎಸ್‌ಆರ್‌ಐ ಆ ಹಕ್ಕನ್ನು ಆ್ಯಪಲ್ ಕಂಪನಿಗೆ ಸುಮಾರು 40,000 ಡಾಲರಿಗೆ ಲೈಸೆನ್ಸ್ ಕೊಟ್ಟಿತು ಅಂತ ವರ್ಷಗಳ ನಂತರ ತಮಗೆ ತಿಳಿಯಿತು ಎಂದು ಎಂಗೆಲ್‌ಬಾರ್ಟ್ ಅವರೇ ಹೇಳಿದ್ದಾರೆ. ಕೈಯಲ್ಲಿರುವುದರ ಬೆಲೆ ಸಂಸ್ಥೆಗೆ ಗೊತ್ತೇ ಇರಲಿಲ್ಲ ಅನ್ನುವುದು ಅವರ ಅಭಿಪ್ರಾಯ. ಹಾಗಂತ ಇದನ್ನು ಮೋಸ ಅನ್ನಲು ನನಗೆ ಮನಸ್ಸು ಬರುವುದಿಲ್ಲ. ಕಂಪ್ಯೂಟರ್ ಅಂದರೆ ಕೋಣೆ ತುಂಬುವ ಯಂತ್ರ ಅಂತಿದ್ದಾಗ, ಒಂದೊಂದು ಮೇಜಿನ ಮೇಲೂ ಒಂದು ಮರದ ಡಬ್ಬಿ ಬೇಕಾಗುತ್ತದೆ ಅಂತ ಯಾವ ಲೆಕ್ಕಿಗ ತಾನೇ ಊಹಿಸುತ್ತಿದ್ದ?

ಪೇಟೆಂಟ್ ಎಷ್ಟು ವರ್ಷ ನಡೆಯಿತು?

ಆಗಿನ ನಿಯಮದ ಪ್ರಕಾರ ಪೇಟೆಂಟ್ ಸಿಕ್ಕ ದಿನದಿಂದ 17 ವರ್ಷ. ಅಂದರೆ 1987ರ ನವೆಂಬರ್ ತನಕ. ಈಗ ಲೆಕ್ಕ ಬೇರೆ: ಅರ್ಜಿ ಹಾಕಿದ ದಿನದಿಂದ 20 ವರ್ಷ.

ಪಕ್ಕದಲ್ಲಿ ಮೌಸ್ ಬಳಸುವ ಕಂಪ್ಯೂಟರ್, ಸಾಫ್ಟ್‌ವೇರ್ ಮಾರುಕಟ್ಟೆಗೆ ಬಂದ ವರ್ಷಗಳನ್ನೂ ಇಟ್ಟು ನೋಡಿ. ಜೆರಾಕ್ಸ್ ಸ್ಟಾರ್ 1981. ಆ್ಯಪಲ್ ಲೀಸಾ 1983, ಮ್ಯಾಕಿಂಟಾಶ್ 1984. ವಿಂಡೋಸ್ 3.0 ಬಂದದ್ದು 1990, ವಿಂಡೋಸ್ 95 ಬಂದದ್ದು ಹೆಸರಲ್ಲೇ ಇದೆ. ಮೌಸ್ ಇಲ್ಲದೆ ಕಂಪ್ಯೂಟರ್ ಮಾರುವುದೇ ಕಷ್ಟ ಅನ್ನುವ ಕಾಲ ಬರುವ ಹೊತ್ತಿಗೆ ಪೇಟೆಂಟ್ ಮುಗಿದುಹೋಗಿತ್ತು. ತೀರ ಮುಂಚೆ ಹೊಳೆಯುವುದೂ ಒಂದು ತೊಂದರೆಯೇ.

ಜೆರಾಕ್ಸ್, ಆ್ಯಪಲ್ ಮಾಡಿದ ಉಂಡೆ ಮೌಸ್‌ಗೂ ಇದೇ ಪೇಟೆಂಟ್ ಸಾಕಿತ್ತೇ?

ಎಂಗೆಲ್‌ಬಾರ್ಟ್ ಪೇಟೆಂಟ್ ಹೇಳುವುದು ಮೇಜಿಗೆ ತಾಗಿ ಉರುಳುವ ಎರಡು ಚಕ್ರಗಳ ಬಗ್ಗೆ. ಉಂಡೆ ಮೌಸ್‌ನಲ್ಲಿ ಮೇಜಿಗೆ ತಾಗುವುದು ಉಂಡೆ. ಉಂಡೆಯಿಂದ ಒಳಗಿನ ರೋಲರ್‌ಗಳು ತಿರುಗುತ್ತವೆ. ಈ ಹೊಸ ವಿನ್ಯಾಸಕ್ಕೆ ಜೆರಾಕ್ಸ್ ತನ್ನದೇ ಪೇಟೆಂಟ್ ಪಡೆಯಿತು.

ಆ್ಯಪಲ್‌ಗಾಗಿ ಮೌಸ್ ವಿನ್ಯಾಸ ಮಾಡಿದ್ದು ಡೀನ್ ಹೋವಿ ಅವರ ತಂಡ. ಜೆರಾಕ್ಸ್‌ನ ಮೌಸ್ ದುಬಾರಿ, ಬೇಗ ಕೆಡುತ್ತಿತ್ತು. ಅಗ್ಗವಾಗಿ, ಗಟ್ಟಿಯಾಗಿ ಮಾಡಬೇಕಿತ್ತು. ಹೋವಿ ಮೊದಲ ಮಾದರಿಗೆ ಹುಡುಕಿಕೊಂಡದ್ದು ಬೆಣ್ಣೆ ಇಡುವ ಪ್ಲಾಸ್ಟಿಕ್ ಡಬ್ಬಿಯ ಮುಚ್ಚಳ ಮತ್ತು ರೋಲ್-ಆನ್ ಡಿಯೋಡರೆಂಟ್ ಬಾಟಲಿಯ ಉಂಡೆ! ಹೀಗೆ ಸುಲಭಕ್ಕೆ ಮಾಡುವ ದಾರಿ ಕಂಡ ಮೇಲೆಯೇ ಮೌಸ್ ಮನೆ ಮನೆಗೆ ಬಂದದ್ದು. ಕಂಡುಹಿಡಿಯುವುದು ಬೇರೆ, ಸಾವಿರಗಟ್ಟಲೆ ಮಾಡಿ ಮಾರುವುದು ಬೇರೆ. ಒಂದೇ ವಸ್ತುವಿನ ಸುತ್ತ ಹತ್ತಾರು ಪೇಟೆಂಟ್ ಸುತ್ತಿಕೊಳ್ಳುವುದೂ ಹೀಗೆಯೇ.

ಲೇಸರ್ ಮೌಸ್, ಸ್ಕ್ರಾಲ್ ಚಕ್ರ, ಇವೂ ಅವರದ್ದೇ?

ಅಲ್ಲ. ಬೆಳಕಿನಿಂದ ಕೆಲಸ ಮಾಡುವ ಮೌಸ್ 1980ರ ಸುಮಾರಿಗೆ ಎರಡು ಕಡೆ ಬೇರೆ ಬೇರೆಯಾಗಿ ಬಂತು: ಜೆರಾಕ್ಸ್‌ನಲ್ಲಿ ರಿಚರ್ಡ್ ಲಯನ್, ಎಂಐಟಿಯಿಂದ ಬಂದ ಸ್ಟೀವ್ ಕರ್ಶ್. ಸ್ಕ್ರಾಲ್ ಚಕ್ರ ಜನಪ್ರಿಯ ಆದದ್ದು 1990ರ ದಶಕದಲ್ಲಿ.

ಜರ್ಮನಿಯವರು ಮೊದಲೇ ಮೌಸ್ ಮಾಡಿದ್ದರಂತೆ?

"ಮೊದಲೇ" ಅನ್ನುವುದು ಯಾವುದರಿಂದ ಎಣಿಸುತ್ತೀರಿ ಅನ್ನುವುದರ ಮೇಲಿದೆ. ಜರ್ಮನಿಯ ಟೆಲಿಫುಂಕೆನ್ ಕಂಪನಿಯಲ್ಲಿ ರೈನರ್ ಮಾಲೆಬ್ರೈನ್ ಅವರ ತಂಡ ರೋಲ್‌ಕೂಗೆಲ್ ಎಂಬ ಸಾಧನ ಮಾಡಿತ್ತು. ಉರುಳುವ ಉಂಡೆ ಅಂತ ಅದರ ಅರ್ಥ. ಅದರ ಕರಪತ್ರ 1968ರ ಅಕ್ಟೋಬರ್‌ನಲ್ಲಿ ಹೊರಬಂತು, ಅಂದರೆ ಎಂಗೆಲ್‌ಬಾರ್ಟ್ ಪ್ರದರ್ಶನಕ್ಕೆ ಕೆಲವೇ ವಾರ ಮುಂಚೆ. ಆದರೆ ಆ ಹೊತ್ತಿಗೆ ಎಂಗೆಲ್‌ಬಾರ್ಟ್ ಮರದ ಮೌಸ್‌ಗೆ ನಾಲ್ಕು ವರ್ಷ ಆಗಿತ್ತು, ಪೇಟೆಂಟ್ ಅರ್ಜಿಗೆ ಒಂದು ವರ್ಷ ದಾಟಿತ್ತು. ಇಬ್ಬರೂ ತಮ್ಮ ಪಾಡಿಗೆ ತಾವು ಮಾಡಿದ್ದು, ನಕಲು ಅಲ್ಲ.

ಪೇಟೆಂಟ್ ಕಡೆಯಿಂದ ನೋಡಿದರೆ ಇದು ಇನ್ನೂ ತಮಾಷೆ. ರೋಲ್‌ಕೂಗೆಲ್‌ಗೆ ಜರ್ಮನಿಯ ಪೇಟೆಂಟ್ ಕಚೇರಿ ಪೇಟೆಂಟ್ ಕೊಡಲೇ ಇಲ್ಲ. ಅದರಲ್ಲಿ ಹೊಸ ಬುದ್ಧಿವಂತಿಕೆ ಸಾಲದು ಅಂದುಬಿಟ್ಟಿತು. ಈಗಾಗಲೇ ಇದ್ದ ಟ್ರ್ಯಾಕ್‌ಬಾಲನ್ನು, ಅಂದರೆ ಮೇಲಿರುವ ಉಂಡೆಯನ್ನು ಕೈಯಿಂದಲೇ ಉರುಳಿಸುವ ಸಾಧನವನ್ನು, ತಲೆಕೆಳಗು ಮಾಡಿದಂತಿತ್ತಲ್ಲ. ಟ್ರ್ಯಾಕ್‌ಬಾಲ್ ಕಥೆ ಇನ್ನೂ ಹಳೆಯದು. ಬ್ರಿಟನ್ನಿನ ನೌಕಾಪಡೆಗಾಗಿ ರಾಲ್ಫ್ ಬೆಂಜಮಿನ್ 1946ರಲ್ಲೇ ಅಂಥದ್ದು ಮಾಡಿದ್ದರು, ಆದರೆ ಅದು ಸೇನೆಯ ಗುಟ್ಟಾಗಿ ಉಳಿಯಿತು. 1952ರಲ್ಲಿ ಕೆನಡಾದ ನೌಕಾಪಡೆಯ ಡೇಟಾರ್ ಯೋಜನೆಯಲ್ಲಿ ಬೌಲಿಂಗ್ ಆಟದ ಚೆಂಡನ್ನೇ ಹಾಕಿ ಟ್ರ್ಯಾಕ್‌ಬಾಲ್ ಮಾಡಿದ್ದರು. ಅದೂ ಗುಟ್ಟೇ.

ಎಂಗೆಲ್‌ಬಾರ್ಟ್ ಅವರ ಬೇರೆ ಪೇಟೆಂಟ್‌ಗಳು ಯಾವುವು?

ಮೌಸ್ ಅವರ ಮೊದಲ ಪೇಟೆಂಟೂ ಅಲ್ಲ, ಒಂದೇ ಪೇಟೆಂಟೂ ಅಲ್ಲ. ಡಾಕ್ಟರೇಟ್‌ಗಾಗಿ ಅವರು ಮಾಡಿದ್ದು ಅನಿಲದ ಮೂಲಕ ವಿದ್ಯುತ್ ಹರಿಸಿ ಸೊನ್ನೆ-ಒಂದು ನೆನಪಿಡುವ ಸಾಧನಗಳ ಕೆಲಸ. ನಿಯಾನ್ ದೀಪದಂಥ ಸಂಗತಿ. ಅದನ್ನೇ ಬಂಡವಾಳ ಮಾಡಿಕೊಂಡು ಡಿಜಿಟಲ್ ಟೆಕ್ನಿಕ್ಸ್ ಅಂತ ಒಂದು ಪುಟ್ಟ ಕಂಪನಿ ಶುರುಮಾಡಿದರು, ಬೇಗನೆ ಕೈಬಿಟ್ಟರು. ಎಸ್‌ಆರ್‌ಐಗೆ ಬಂದ ಹೊಸದರಲ್ಲಿ ಹೆವಿಟ್ ಕ್ರೇನ್ ಜೊತೆ ಸಣ್ಣ ಸಣ್ಣ ಅಯಸ್ಕಾಂತದ ಬಳೆಗಳಿಂದ ಲಾಜಿಕ್ ಸರ್ಕ್ಯೂಟ್ ಕಟ್ಟುವ ಕೆಲಸ ಮಾಡಿದರು. ಅಲ್ಲೂ ಪೇಟೆಂಟ್‌ಗಳು ಬಂದವು.

ಇವುಗಳ ನೆನಪು ಇವತ್ತು ಯಾರಿಗೂ ಇಲ್ಲ. ಸಿಲಿಕಾನ್ ಬಂದು ಎಲ್ಲವನ್ನೂ ಗುಡಿಸಿಹಾಕಿತು. ಆದರೆ ಸಂಸ್ಥೆಯಲ್ಲಿ ಅವರಿಗೆ ಹೆಸರು ತಂದುಕೊಟ್ಟದ್ದು ಈ ಮರೆತುಹೋದ ಪೇಟೆಂಟ್‌ಗಳೇ. ಆ ಹೆಸರಿನ ಬಲದ ಮೇಲೆ ತಮಗೆ ನಿಜವಾಗಿ ಬೇಕಾದ ಕೆಲಸಕ್ಕೆ ಜಾಗ ಮಾಡಿಕೊಂಡರು. ಆ ಕೆಲಸದ ನೀಲನಕ್ಷೆ 1962ರ ವರದಿ: ಕಂಪ್ಯೂಟರ್ ಬಳಸಿ ಮನುಷ್ಯರ ಯೋಚಿಸುವ ಶಕ್ತಿಯನ್ನೇ ಹೆಚ್ಚಿಸುವುದು ಹೇಗೆ ಅನ್ನುವುದರ ಬಗ್ಗೆ.

1968ರ ಪ್ರದರ್ಶನದಲ್ಲಿ ಎಷ್ಟೆಲ್ಲಾ ತೋರಿಸಿದರು. ಅವಕ್ಕೆಲ್ಲ ಪೇಟೆಂಟ್ ಯಾಕೆ ಪಡೆಯಲಿಲ್ಲ?

ನನ್ನ ಮಟ್ಟಿಗೆ ಕೇಳಬೇಕಾದ ಪ್ರಶ್ನೆ ಇದು. ಜನ ಮೌಸ್ ಕೈಯಲ್ಲಿ ಹಿಡಿದುಕೊಂಡು ಇದನ್ನು ಮರೆಯುತ್ತಾರೆ.

ಅವತ್ತು ವೇದಿಕೆಯ ಮೇಲೆ ಏನಿತ್ತು? ಪರದೆಯ ಮೇಲೆ ಬರಹ ತಿದ್ದುವುದು. ಒಂದು ಪದ ಒತ್ತಿದರೆ ಇನ್ನೊಂದು ಕಡತಕ್ಕೆ ಹಾರುವುದು, ಅಂದರೆ ಇವತ್ತಿನ ಲಿಂಕ್. ಪರದೆಯನ್ನು ಭಾಗ ಮಾಡಿ ನೋಡುವುದು. ದೂರದ ಮೆನ್ಲೊ ಪಾರ್ಕ್‌ನಲ್ಲಿ ಕೂತ ಸಹೋದ್ಯೋಗಿಯ ಮುಖ ನೋಡುತ್ತಾ ಇಬ್ಬರೂ ಒಂದೇ ಬರಹದ ಮೇಲೆ ಕೆಲಸ ಮಾಡುವುದು. ಇದೆಲ್ಲ ಓಡುತ್ತಿದ್ದದ್ದು ಎನ್‌ಎಲ್‌ಎಸ್ ಎಂಬ ಅವರ ಸಾಫ್ಟ್‌ವೇರಿನಲ್ಲಿ. ಇಷ್ಟರಲ್ಲಿ ಪೇಟೆಂಟ್ ಆದದ್ದು ಚಕ್ರದ ಡಬ್ಬಿ.

ಕಾರಣ ಸರಳ. ಡಬ್ಬಿ ಕೈಗೆ ಸಿಗುವ ವಸ್ತು, ಉಳಿದದ್ದು ಪ್ರೋಗ್ರಾಂ. ಪ್ರೋಗ್ರಾಂಗೆ ಪೇಟೆಂಟ್ ಸಿಗುವುದಿಲ್ಲ ಅನ್ನುವುದೇ ಆಗಿನ ಸಾಮಾನ್ಯ ತಿಳಿವಳಿಕೆ. ಬಾಗಿಲು ಪೂರ್ತಿ ಮುಚ್ಚಿತ್ತು ಅಂತಲೂ ಹೇಳಲಾಗದು. ಅದೇ 1968ರ ಏಪ್ರಿಲ್‌ನಲ್ಲಿ ಮಾರ್ಟಿನ್ ಗೆಟ್ಸ್ ಅವರಿಗೆ ದತ್ತಾಂಶ ಜೋಡಿಸುವ ಒಂದು ವಿಧಾನಕ್ಕೆ ಪೇಟೆಂಟ್ ಸಿಕ್ಕಿತ್ತು. ಮೊದಲ ಸಾಫ್ಟ್‌ವೇರ್ ಪೇಟೆಂಟ್ ಅಂತ ಅದನ್ನೇ ಹೆಸರಿಸುತ್ತಾರೆ. ಆಮೇಲೆ 1972ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಗಾಟ್‌ಷಾಕ್ ವಿರುದ್ಧ ಬೆನ್ಸನ್ ಮೊಕದ್ದಮೆಯಲ್ಲಿ, ಅಂಕಿಗಳನ್ನು ಒಂದು ರೂಪದಿಂದ ಇನ್ನೊಂದಕ್ಕೆ ಬದಲಿಸುವ ಬರೀ ಲೆಕ್ಕದ ವಿಧಾನಕ್ಕೆ ಪೇಟೆಂಟ್ ಇಲ್ಲ ಅಂದಿತು. ಬಾಗಿಲು ತುಸು ತೆರೆದದ್ದು 1981ರ ಡೈಮಂಡ್ ವಿರುದ್ಧ ಡೀರ್ ಮೊಕದ್ದಮೆಯಲ್ಲಿ. ರಬ್ಬರ್ ಬೇಯಿಸುವ ಯಂತ್ರವನ್ನು ಕಂಪ್ಯೂಟರ್ ನಡೆಸುತ್ತಿದ್ದ ಪ್ರಸಂಗ ಅದು.

ಒಂದು ವೇಳೆ ಲಿಂಕ್‌ಗೆ ಪೇಟೆಂಟ್ ಸಿಕ್ಕಿದ್ದರೆ? ಸುಮ್ನೆ ಯೋಚಿಸಿ ನೋಡಿ. ಅದು 1980ರ ದಶಕದ ಕೊನೆಯ ತನಕ ಬದುಕಿರುತ್ತಿತ್ತು. ಜೆರಾಕ್ಸ್‌ನ ಪಾರ್ಕ್ ಲ್ಯಾಬಿನಲ್ಲಿ, ವಿಶ್ವವಿದ್ಯಾಲಯಗಳಲ್ಲಿ ಇದೇ ದಾರಿಯಲ್ಲಿ ಹೊರಟವರೆಲ್ಲ ಮೊದಲು ವಕೀಲರ ಬಾಗಿಲು ತಟ್ಟಬೇಕಿತ್ತು. ಬೇಲಿ ಇಲ್ಲದ ಹೊಲವಾಗಿ ಉಳಿದದ್ದರಿಂದಲೇ ಎಲ್ಲರೂ ಅಲ್ಲಿ ಬಿತ್ತಿದರು ಅಂತ ನನಗನ್ನಿಸುತ್ತದೆ.

ಅವರಿಗೆ ಇದರಿಂದ ಬೇಸರ ಇತ್ತೇ?

ದುಡ್ಡಿಗಿಂತ ಜಾಸ್ತಿ ನೋವು ಕೊಟ್ಟದ್ದು ಬೇರೆ. 1970ರ ದಶಕದಲ್ಲಿ ಅವರ ಲ್ಯಾಬಿಗೆ ಹಣ ನಿಂತಿತು, ಜನ ಬಿಟ್ಟು ಹೋದರು. ಎನ್‌ಎಲ್‌ಎಸ್ ಟೈಮ್‌ಷೇರ್ ಎಂಬ ಕಂಪನಿಯ ಪಾಲಾಯಿತು. ತಾವು ಕಟ್ಟಿದ ಇಡೀ ವ್ಯವಸ್ಥೆಯಲ್ಲಿ ಲೋಕ ಬರೀ ಡಬ್ಬಿಯನ್ನು ಎತ್ತಿಕೊಂಡು ಹೋಯಿತು ಅನ್ನುವುದು ಅವರ ಕೊರಗು.

ಗೌರವ ಬಂತು, ತಡವಾಗಿ ಬಂತು. 1997ರಲ್ಲಿ ಕಂಪ್ಯೂಟರ್ ಕ್ಷೇತ್ರದ ದೊಡ್ಡ ಗೌರವವಾದ ಟ್ಯೂರಿಂಗ್ ಪ್ರಶಸ್ತಿ. ಅದೇ ವರ್ಷ 5 ಲಕ್ಷ ಡಾಲರಿನ ಲೆಮೆಲ್ಸನ್-ಎಂಐಟಿ ಬಹುಮಾನ. ಆ 40,000 ಡಾಲರಿನ ಲೈಸೆನ್ಸ್ ನೆನಪಿದೆಯಲ್ಲ? ಅದರ ಹನ್ನೆರಡು ಪಟ್ಟಿಗೂ ಹೆಚ್ಚು. 2000ದಲ್ಲಿ ಅಮೆರಿಕದ ರಾಷ್ಟ್ರೀಯ ತಂತ್ರಜ್ಞಾನ ಪದಕ. ಮಗಳು ಕ್ರಿಸ್ಟೀನಾ ಜೊತೆ ಶುರುಮಾಡಿದ ಅವರ ಸಂಸ್ಥೆಗೆ ಕಚೇರಿಯ ಜಾಗ ಕೊಟ್ಟದ್ದು ಲಾಜಿಟೆಕ್. ಹೌದು, ಮೌಸ್ ಮಾರುವ ಅದೇ ಲಾಜಿಟೆಕ್.

ಈಗ ನಾನೇ ಆ ಮರದ ಮೌಸ್ ಮಾಡಿಕೊಳ್ಳಬಹುದೇ?

ಧಾರಾಳವಾಗಿ. ಆ ಪೇಟೆಂಟ್ ಮುಗಿದಿದೆ. ಬರಹ, ಚಿತ್ರ ಎಲ್ಲ ಸಾರ್ವಜನಿಕ. ನಂಬರ್ ಹಾಕಿ ಹುಡುಕಿದರೆ ಸಿಗುತ್ತದೆ. ಅಂಚು ತೆಳುವಾದ ಎರಡು ಚಕ್ರ, ಅವಕ್ಕೆ ಒಂದೊಂದು ರಿಯೋಸ್ಟಾಟ್, ಒಂದು ಬಟನ್, ಕೈಗೆ ಹಿಡಿಸುವಷ್ಟು ಮರದ ತುಂಡು ಬೇಕು. ರಿಯೋಸ್ಟಾಟ್‌ನ ಮಟ್ಟ ಓದಿ ಕಂಪ್ಯೂಟರಿಗೆ ತಿಳಿಸಲು ಒಂದು ಪುಟ್ಟ ಬೋರ್ಡ್ ಕೂಡ.

ಒಂದು ವಿಷಯಕ್ಕೆ ತಯಾರಾಗಿರಿ. ನೇರವಾಗಿ ಅಡ್ಡ ಸರಿಸಿದಾಗ ಒಂದು ಚಕ್ರ ಉರುಳುತ್ತದೆ, ಇನ್ನೊಂದು ಮೇಜಿನ ಮೇಲೆ ಪಕ್ಕಕ್ಕೆ ಎಳೆದುಕೊಂಡು ಹೋಗುತ್ತದೆ. ಉಂಡೆ ಮೌಸ್‌ನ ನುಣುಪು ಇದರಲ್ಲಿ ಇಲ್ಲ. ಆದರೆ ಉಂಡೆಗೆ ಬಾರದ ಒಂದು ಕೈಚಳಕ ಇದಕ್ಕೆ ಗೊತ್ತು. ಡಬ್ಬಿಯನ್ನು ಸ್ವಲ್ಪ ವಾಲಿಸಿ, ಒಂದೇ ಚಕ್ರ ಮೇಜಿಗೆ ತಾಗುವ ಹಾಗೆ ಹಿಡಿದು ಸರಿಸಿ. ಪರದೆಯ ಮೇಲೆ ಕರ್ಸರ್ ಸ್ಕೇಲ್ ಇಟ್ಟು ಎಳೆದ ಹಾಗೆ ನೆಟ್ಟಗೆ ಹೋಗುತ್ತದೆ.